ಹಣ್ಣು ಮೆತ್ತಗಾಯಿತು, ಕಿಣ್ವ ಕಾಣಲಿಲ್ಲ: ಎರಡು ಟೊಮೆಟೊ ತಳಿಗಳ ಪ್ರಕರಣ

ಟೊಮೆಟೊ ಹೆಚ್ಚಾಗಿ ಬೆಳೆಯುವ ಪ್ರದೇಶದ ಕೃಷಿ ಕಾಲೇಜೊಂದರ ಸ್ನಾತಕೋತ್ತರ ಪ್ರಯೋಗಾಲಯದಲ್ಲಿ ನಡೆದ ಪ್ರಕರಣ ಇದು. ಕಾಲೇಜು, ಊರು, ವ್ಯಕ್ತಿಗಳು ಯಾರೆಂದು ಹೇಳಿಲ್ಲ. ತಳಿಗಳನ್ನು ‘ಅ’ ಮತ್ತು ‘ಬ’ ಎಂದು ಕರೆಯಲಾಗಿದೆ.

ಪ್ರಶ್ನೆ ತಂದವರು ಬೆಳೆಗಾರರು. ಅಕ್ಕಪಕ್ಕದ ತಾಕುಗಳಲ್ಲಿ ಬೆಳೆದ ಎರಡು ಹೈಬ್ರಿಡ್ ತಳಿಗಳನ್ನು ಒಂದೇ ದಿನ, ಬಣ್ಣ ತಿರುಗುವ ಹಂತದಲ್ಲಿ ಕಿತ್ತು ಕ್ರೇಟಿಗೆ ತುಂಬಿದರೆ ‘ಅ’ ಬೇಗ ಸೊರಗಿ ಮೆತ್ತಗಾಗುತ್ತದೆ, ‘ಬ’ ಗಟ್ಟಿಯಾಗಿಯೇ ದೂರದ ಮಾರುಕಟ್ಟೆ ಮುಟ್ಟುತ್ತದೆ. ‘ಅ’ ತಳಿಯ ಇಳುವರಿ ಚೆನ್ನಾಗಿದ್ದುದರಿಂದ ಅದನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಮೆತ್ತಗಾಗಲು ಕಾರಣ ಏನು ಎಂಬುದಷ್ಟೇ ಅವರಿಗೆ ಬೇಕಿತ್ತು. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಇದನ್ನು ತಮ್ಮ ಪ್ರಬಂಧದ ವಿಷಯವಾಗಿ ಎತ್ತಿಕೊಂಡರು. ಅವರ ಊಹೆ ಹೀಗಿತ್ತು: ‘ಬ’ ತಳಿಯಲ್ಲಿ ಕೋಶಭಿತ್ತಿಯ ಪೆಕ್ಟಿನ್ ಕತ್ತರಿಸುವ ಪಾಲಿಗ್ಯಾಲಕ್ಟುರೊನೇಸ್ ಕಿಣ್ವ ಕಡಿಮೆ ಇರಬೇಕು, ಆದ್ದರಿಂದಲೇ ಅದು ಗಟ್ಟಿ.

ಊಹೆಗೆ ಆಧಾರ ಇಲ್ಲದಿರಲಿಲ್ಲ. ಸಸ್ಯದ ಕೋಶಭಿತ್ತಿ ಒಮ್ಮೆ ಕಟ್ಟಿ ಮುಗಿಸುವ ರಚನೆಯಲ್ಲ. ಕೋಶ ಹಿಗ್ಗುವಾಗ, ಎಲೆ ಉದುರುವಾಗ, ಪರಾಗನಾಳ ಇಳಿಯುವಾಗ, ಹಣ್ಣು ಮಾಗುವಾಗ ಗಿಡವೇ ಅದನ್ನು ಬಿಚ್ಚಿ ಮರುಜೋಡಿಸುತ್ತದೆ. ಕೋಶ ಕೋಶಗಳ ನಡುವಿನ ಅಂಟು ಬಹುಪಾಲು ಪೆಕ್ಟಿನ್. ಪೆಕ್ಟಿನ್ ಸರಪಳಿಯ ಮೇಲಿನ ಮೀಥೈಲ್ ಗುಂಪುಗಳನ್ನು ಪೆಕ್ಟಿನ್ ಮೀಥೈಲ್‌ಎಸ್ಟರೇಸ್ ತೆಗೆಯುತ್ತದೆ. ಹಾಗೆ ಬೋಳಾದ ಭಾಗವನ್ನು ಕ್ಯಾಲ್ಸಿಯಂ ಹಿಡಿದು ಗಟ್ಟಿ ಮಾಡಬಹುದು, ಇಲ್ಲವೇ ಪಾಲಿಗ್ಯಾಲಕ್ಟುರೊನೇಸ್ ಮತ್ತು ಪೆಕ್ಟೇಟ್ ಲಯೇಸ್ ಬಂದು ಕತ್ತರಿಸಬಹುದು. ಭಿತ್ತಿಯ ಇನ್ನೊಂದು ಘಟಕವಾದ ಹೆಮಿಸೆಲ್ಯುಲೋಸ್ ಕಡೆಯ ಕೆಲಸ ಕ್ಸೈಲೊಗ್ಲೂಕನ್ ಸರಪಳಿಯನ್ನು ಕಡಿದು ಮತ್ತೆ ಬೆಸೆಯುವ ಕಿಣ್ವಗಳದು. 1992ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಕಾಸ್‌ಗ್ರೋವ್ ತಂಡ ಸೌತೆ ಸಸಿಯ ಕಾಂಡದಿಂದ ಬೇರ್ಪಡಿಸಿದ ಎಕ್ಸ್‌ಪ್ಯಾನ್ಸಿನ್‌ಗಳು ಏನನ್ನೂ ಕತ್ತರಿಸದೆ ಭಿತ್ತಿಯ ಹಿಡಿತವನ್ನು ಸಡಿಲಿಸುತ್ತವೆ. ಈ ಎಲ್ಲದರಲ್ಲಿ ಟೊಮೆಟೊದ ಬಲಿತ ಹಸಿರು ಕಾಯಿಯಲ್ಲಿ ಇಲ್ಲವೇ ಇಲ್ಲವೆನ್ನುವಷ್ಟಿದ್ದು, ಬಣ್ಣ ತಿರುಗಿದ ಮೇಲೆ ಭಾರಿ ಪ್ರಮಾಣದಲ್ಲಿ ಕಾಣಿಸಿಕೊಳ್ಳುವುದು ಪಾಲಿಗ್ಯಾಲಕ್ಟುರೊನೇಸ್. ಅನುಮಾನ ಮೊದಲು ಅದರ ಮೇಲೆ ಹೋದದ್ದು ಸಹಜ.

ಮೊದಲ ಸುತ್ತು: ಎಲ್ಲ ನಳಿಗೆಗಳೂ ಒಂದೇ ಬಣ್ಣ

ಪ್ರಯೋಗಾಲಯದಲ್ಲಿ ಎಲೆಯ ಕಿಣ್ವಗಳಿಗೆ ಬಳಸುತ್ತಿದ್ದ ಸಾಮಾನ್ಯ ವಿಧಾನವನ್ನೇ ಹಣ್ಣಿಗೂ ಬಳಸಲಾಯಿತು. 10 ಗ್ರಾಂ ತಿರುಳನ್ನು 20 ಮಿ.ಲೀ. ತಣ್ಣನೆಯ ಫಾಸ್ಫೇಟ್ ಬಫರಿನಲ್ಲಿ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ರುಬ್ಬಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಕಿಣ್ವದ ದ್ರಾವಣವೆಂದು ಇಟ್ಟುಕೊಂಡು ತಳದ ಗಸಿಯನ್ನು ಎಸೆದರು. ಆಧಾರವಸ್ತು, ಅಂದರೆ ಕಿಣ್ವ ಕತ್ತರಿಸಬೇಕಾದ ಪದಾರ್ಥ, ಅಂಗಡಿಯಲ್ಲಿ ಸಿಗುವ ಸಿಟ್ರಸ್ ಪೆಕ್ಟಿನ್. ಬಿಡುಗಡೆಯಾದ ಅಪಕರ್ಷಕ ಸಕ್ಕರೆಯನ್ನು, ಅಂಥ ಸಕ್ಕರೆ ಇದ್ದಷ್ಟೂ ಕಂದು ಬಣ್ಣಕ್ಕೆ ತಿರುಗುವ ಡಿಎನ್‌ಎಸ್ ಕಾರಕದಿಂದ 540 ನ್ಯಾನೊಮೀಟರಿನಲ್ಲಿ ಅಳೆಯುವುದು ಯೋಜನೆ.

ಹಸಿರು ಕಾಯಿ, ಕೆಂಪು ಹಣ್ಣು, ಕಿಣ್ವ ಸಾಯಲೆಂದು ಬೇಯಿಸಿದ ನಿಯಂತ್ರಣ ಮಾದರಿ, ಹೀಗೆ ಎಲ್ಲ ನಳಿಗೆಗಳೂ ಕಡು ಕಂದು ಬಣ್ಣಕ್ಕೆ ತಿರುಗಿದವು. ದ್ರಾವಣವನ್ನು ಮತ್ತಷ್ಟು ತೆಳುಮಾಡಿದರೆ ಸರಿಹೋಗುತ್ತದೆ ಎಂದು ಹಾಗೆಯೇ ಕೆಲಸ ಮುಂದುವರಿಯಿತು. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿದ್ದರೆ ಸಾಕಿತ್ತು. ಟೊಮೆಟೊ ತಿರುಳಿನ ತೂಕದಲ್ಲಿ ಸುಮಾರು ಶೇ 2ರಿಂದ 4 ಗ್ಲೂಕೋಸ್ ಮತ್ತು ಫ್ರಕ್ಟೋಸ್. 10 ಗ್ರಾಂ ತಿರುಳಿನ ಸಕ್ಕರೆ ಸುಮಾರು 30 ಮಿ.ಲೀ.ಯಲ್ಲಿ ಕರಗಿದಾಗ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ ಆಸುಪಾಸು. ಡಿಎನ್‌ಎಸ್‌ನ ಮಾನಕ ರೇಖೆ ಸಾಮಾನ್ಯವಾಗಿ 1 ಮಿ.ಗ್ರಾಂ ಒಳಗೇ ಮುಗಿಯುತ್ತದೆ, ಕಿಣ್ವ ಬಿಡುಗಡೆ ಮಾಡುವ ಅಂಶವಂತೂ ಮೈಕ್ರೊಗ್ರಾಂ ಲೆಕ್ಕದ್ದು. ಅಂದರೆ ಅಳೆದದ್ದು ಹಣ್ಣಿನ ಸಿಹಿಯನ್ನೇ ಹೊರತು ಕಿಣ್ವದ ಕೆಲಸವನ್ನಲ್ಲ. ತೆಳುಮಾಡಿದಷ್ಟೂ ಸಕ್ಕರೆಯ ಜತೆಗೆ ಕಿಣ್ವವೂ ತೆಳುವಾಗುತ್ತದೆ. ಎರಡರ ಅನುಪಾತ ಬದಲಾಗುವುದೇ ಇಲ್ಲ.

ಮುಂದೆ ತಿಳಿಯನ್ನು, ಸಕ್ಕರೆಯಂಥ ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲಕ್ಕೆ ತುಂಬಿ, ರಾತ್ರಿಯಿಡೀ ಶೀತಕೋಣೆಯಲ್ಲಿಟ್ಟು ಸಕ್ಕರೆ ಕಳೆಯಲಾಯಿತು. ಈಗ ಹಿನ್ನೆಲೆ ಬಣ್ಣ ಹೋಯಿತು, ಆದರೆ ಎರಡೂ ತಳಿಗಳ ಕಳಿತ ಹಣ್ಣಿನಲ್ಲೂ ಕಿಣ್ವ ಕಾಣಲಿಲ್ಲ. ಬೆರಳಿಟ್ಟರೆ ತಗ್ಗು ಬೀಳುವ ಕೆಂಪು ಹಣ್ಣಿನಲ್ಲಿ ಪಾಲಿಗ್ಯಾಲಕ್ಟುರೊನೇಸ್ ಶೂನ್ಯ ಎಂದು ಯಂತ್ರ ಹೇಳುತ್ತಿತ್ತು.

ಈ ಹಂತದಲ್ಲಿ ವಿದ್ಯಾರ್ಥಿನಿ ತೆಗೆದುಕೊಂಡ ನಿರ್ಧಾರ ಇಡೀ ಕೆಲಸದ ದಿಕ್ಕು ಬದಲಿಸಿತು. ‘ಈ ತಳಿಗಳಲ್ಲಿ ಕಿಣ್ವವಿಲ್ಲ’ ಎಂದು ಬರೆದುಬಿಡುವುದು ಸುಲಭವಿತ್ತು. ಅದರ ಬದಲು ಅವರು ತಾವು ಎಸೆಯುತ್ತಿದ್ದ ಗಸಿಯನ್ನು ಪರೀಕ್ಷೆಗೆ ಹಾಕಿದರು.

ಗಸಿಯಲ್ಲಿದ್ದದ್ದು

ಪಾಲಿಗ್ಯಾಲಕ್ಟುರೊನೇಸ್ ಕೆಲಸ ಮಾಡುವುದು ಭಿತ್ತಿಯಲ್ಲಿ, ಅಂಟಿಕೊಂಡಿರುವುದೂ ಭಿತ್ತಿಗೇ. ಧನ ವಿದ್ಯುದಾವೇಶದ ಈ ಪ್ರೋಟೀನು ಋಣ ಆವೇಶದ ಪೆಕ್ಟಿನ್‌ಗೆ ಕಚ್ಚಿಕೊಂಡಿರುತ್ತದೆ. ಕಡಿಮೆ ಉಪ್ಪಿನ ಬಫರಿನಲ್ಲಿ ಎಷ್ಟು ರುಬ್ಬಿದರೂ ಅದು ಗಸಿ ಬಿಟ್ಟು ಬರುವುದಿಲ್ಲ. ಆವೇಶದ ಹಿಡಿತ ಬಿಡಿಸಲು ಗಾಢ ಉಪ್ಪು ಬೇಕು.

ಬದಲಾಯಿಸಿದ ವಿಧಾನವನ್ನು ಪೂರ್ತಿ ಕೊಡುವುದು ಒಳ್ಳೆಯದು, ಏಕೆಂದರೆ ಇದೇ ಜಾಗದಲ್ಲಿ ಕೈಸೋತ ಪ್ರಬಂಧಗಳು ಹಲವು. 10 ಗ್ರಾಂ ಹೆಪ್ಪುಗಟ್ಟಿಸಿದ ತಿರುಳನ್ನು, ಸಿಪ್ಪೆ, ಬೀಜ ಮತ್ತು ಲೋಳೆ ತೆಗೆದು, 20 ಮಿ.ಲೀ. ಐಸ್‌ನಷ್ಟು ತಣ್ಣಗಿನ ಭಟ್ಟಿ ಇಳಿಸಿದ ನೀರಿನಲ್ಲಿ ರುಬ್ಬಬೇಕು. 4 ಡಿಗ್ರಿಯಲ್ಲಿ 15,000 ಜಿ ವೇಗದಲ್ಲಿ 20 ನಿಮಿಷ ತಿರುಗಿಸಿ, ತಿಳಿ ಚೆಲ್ಲಿ, ಗಸಿಯನ್ನು ಮತ್ತೊಮ್ಮೆ ತಣ್ಣೀರಿನಲ್ಲಿ ತೊಳೆಯಬೇಕು. ಸಕ್ಕರೆ ಬಹುಪಾಲು ಇಲ್ಲಿಯೇ ಹೊರಟುಹೋಗುತ್ತದೆ. ಬಳಿಕ ಗಸಿಯನ್ನು 1 ಮೋಲಾರ್ ಸೋಡಿಯಂ ಕ್ಲೋರೈಡ್ ಇರುವ 50 ಮಿಲಿಮೋಲಾರ್ ಸೋಡಿಯಂ ಅಸಿಟೇಟ್ ಬಫರಿನಲ್ಲಿ, ಪಿಎಚ್ 6.0ರಲ್ಲಿ, ಶೀತಕೋಣೆಯಲ್ಲಿ 2ರಿಂದ 3 ಗಂಟೆ ನಿಧಾನವಾಗಿ ಕಲಕಬೇಕು. ಹಣ್ಣಿನ ಹುಳಿ ಪಿಎಚ್ ಅನ್ನು ಇಳಿಸುತ್ತದೆ. ಉಪ್ಪು ಬೆರೆಸಿದ ಅರ್ಧ ಗಂಟೆಯ ಬಳಿಕ ಮತ್ತೆ ಪಿಎಚ್ ನೋಡಿ ಸರಿಪಡಿಸದಿದ್ದರೆ ಕಿಣ್ವ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಮತ್ತೆ ತಿರುಗಿಸಿದಾಗ ಸಿಗುವ ತಿಳಿಯೇ ಬೇಕಾದದ್ದು. ಅದನ್ನು ಡಯಾಲಿಸಿಸ್ ಮಾಡುವಾಗ ಬರೀ ನೀರು ಬೇಡ, 0.15 ಮೋಲಾರ್ ಉಪ್ಪಿರಲಿ. ಉಪ್ಪು ಪೂರ್ತಿ ಹೋದರೆ ಪ್ರೋಟೀನು ಚೀಲದಲ್ಲೇ ಗಂಟುಗಟ್ಟಿ ಕೆಳಗಿಳಿಯುತ್ತದೆ.

ಆಧಾರವಸ್ತುವನ್ನೂ ಬದಲಿಸಲಾಯಿತು. ಸಿಟ್ರಸ್ ಪೆಕ್ಟಿನ್‌ನಲ್ಲಿ ಮೀಥೈಲ್ ಗುಂಪುಗಳು ತುಂಬಿರುತ್ತವೆ, ಪಾಲಿಗ್ಯಾಲಕ್ಟುರೊನೇಸ್‌ಗೆ ಅದು ಒಗ್ಗದು. ಬೇಕಾದದ್ದು ಮೀಥೈಲ್ ಇಲ್ಲದ ಪಾಲಿಗ್ಯಾಲಕ್ಟುರೊನಿಕ್ ಆಮ್ಲ. ಆಮ್ಲ ರೂಪದಲ್ಲಿ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ತೆಳು ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಟ್ಟು ಕರಗಿಸಿ, ಬಳಿಕ ಪಿಎಚ್ 4.5ರ ಅಸಿಟೇಟ್ ಬಫರಿಗೆ ಸೇರಿಸಬೇಕು. ಪರೀಕ್ಷೆಯಲ್ಲಿ ಇದರ ಪ್ರಮಾಣ ಶೇ 0.3, ಜತೆಗೆ 0.15 ಮೋಲಾರ್ ಉಪ್ಪು, 37 ಡಿಗ್ರಿಯಲ್ಲಿ 30 ನಿಮಿಷ.

ಅಳತೆಗೆ ಡಿಎನ್‌ಎಸ್ ಬಿಟ್ಟು 2-ಸಯನೊಅಸಿಟಮೈಡ್ ಎಂಬ ಇನ್ನೊಂದು ಕಾರಕ ಆರಿಸಿಕೊಂಡರು. 0.1 ಮಿ.ಲೀ. ಮಿಶ್ರಣಕ್ಕೆ ಪಿಎಚ್ 9ರ 100 ಮಿಲಿಮೋಲಾರ್ ಬೋರೇಟ್ ಬಫರ್ 1 ಮಿ.ಲೀ. ಹಾಕಿದ ಕ್ಷಣ ಕಿಣ್ವ ನಿಲ್ಲುತ್ತದೆ. ಶೇ 1ರ ಕಾರಕ 0.2 ಮಿ.ಲೀ. ಸೇರಿಸಿ, ಕುದಿವ ನೀರಿನಲ್ಲಿ 10 ನಿಮಿಷವಿಟ್ಟು, ತಣಿಸಿ, 276 ನ್ಯಾನೊಮೀಟರಿನಲ್ಲಿ ಓದುವುದು. ಆ ತರಂಗಾಂತರದಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಕ್ಯೂವೆಟ್ ಬೆಳಕನ್ನು ತಾನೇ ನುಂಗುತ್ತದೆ, ಸ್ಫಟಿಕದ ಕ್ಯೂವೆಟ್ಟೇ ಬೇಕು. ಪ್ರೋಟೀನೂ ಅದೇ ಆಸುಪಾಸಿನಲ್ಲಿ ಬೆಳಕು ಹೀರುವುದರಿಂದ ಪ್ರತಿ ಮಾದರಿಗೂ ಅದರದೇ ‘ಸೊನ್ನೆ ನಿಮಿಷ’ದ, ಅಂದರೆ ಕಿಣ್ವ ಕೆಲಸ ಶುರುಮಾಡುವ ಮುನ್ನವೇ ನಿಲ್ಲಿಸಿದ, ನಳಿಗೆ ಇಡಬೇಕು.

ಕೆಂಪು ಹಣ್ಣಿನ ಉಪ್ಪುಸಾರದಲ್ಲಿ ಕಿಣ್ವ ಧಾರಾಳವಾಗಿ ಕಂಡಿತು, ಹಸಿರು ಕಾಯಿಯಲ್ಲಿ ಕಾಣಲಿಲ್ಲ. ಸಾಹಿತ್ಯದಲ್ಲಿರುವುದೂ ಹೀಗೆಯೇ. ಆದರೆ ಕಾಯಿಸಿದ ನಿಯಂತ್ರಣ ಮಾದರಿಯಲ್ಲೂ ಒಂದಿಷ್ಟು ಚಟುವಟಿಕೆ ಉಳಿದಿತ್ತು. ಮಾದರಿ ಕಲುಷಿತವಾಗಿದೆ ಎಂದು ಮೊದಲು ಅನುಮಾನ ಬಂತು. ಕಾರಣ ಬೇರೆಯೇ ಇತ್ತು. ಕಾಯಿಸಿದ್ದು 70 ಡಿಗ್ರಿಗೆ ಹೊಂದಿಸಿದ್ದ ವಾಟರ್ ಬಾತ್‌ನಲ್ಲಿ. ಟೊಮೆಟೊದ ಈ ಕಿಣ್ವಕ್ಕೆ ಎರಡು ರೂಪಗಳಿವೆ. ಬಿಡಿಯಾಗಿರುವ, ಸುಮಾರು 45 ಕಿಲೊಡಾಲ್ಟನ್ ತೂಕದ ರೂಪ 65 ಡಿಗ್ರಿಯಲ್ಲಿ 5 ನಿಮಿಷಕ್ಕೆ ಸಾಯುತ್ತದೆ. ಅದೇ ಕಿಣ್ವ ಬೀಟಾ ಉಪಘಟಕ ಎಂಬ ಇನ್ನೊಂದು ಪ್ರೋಟೀನಿನ ಜತೆ ಕೂಡಿ ಆಗುವ ದೊಡ್ಡ ರೂಪ ಆ ಶಾಖವನ್ನು ತಾಳಿಕೊಳ್ಳುತ್ತದೆ. ನಿಯಂತ್ರಣ ಮಾದರಿಯನ್ನು ನಿಜವಾಗಿ ಕುದಿವ ನೀರಿನಲ್ಲಿ 10 ನಿಮಿಷ ಇಟ್ಟ ಮೇಲೆ ಅದು ಶೂನ್ಯಕ್ಕಿಳಿಯಿತು.

ಊಹೆ ಬಿದ್ದುಹೋದ ಕಡೆ

ವಿಧಾನ ಸರಿಹೋದ ಬಳಿಕ ಎರಡೂ ತಳಿಗಳನ್ನು ಒಂದೇ ಬಣ್ಣದ ಹಂತದಲ್ಲಿ ಹೋಲಿಸಿದಾಗ ಕಿಣ್ವದ ಪ್ರಮಾಣ ಹೆಚ್ಚುಕಡಿಮೆ ಸಮವಾಗಿತ್ತು. ಗ್ರಾಂ ತಿರುಳಿಗೆ ಲೆಕ್ಕ ಹಾಕಿದರೂ, ಮಿ.ಗ್ರಾಂ ಪ್ರೋಟೀನಿಗೆ ಹಾಕಿದರೂ ‘ಬ’ ಹಿಂದೆ ಬೀಳಲಿಲ್ಲ. ಕೆಲಸ ಸರಿಯಾಗಿ ನಡೆದದ್ದರಿಂದಲೇ ಊಹೆ ಬಿತ್ತು.

ಪ್ರಯೋಗಾಲಯದ ಒಳಗೆ ಇಲ್ಲಿ ಭಿನ್ನಾಭಿಪ್ರಾಯ ಬಂತು. ಮಾರ್ಗದರ್ಶಕರ ಮನಸ್ಸು ಉಳಿದ ಕಿಣ್ವಗಳ ಜೀನುಗಳ ಅಭಿವ್ಯಕ್ತಿ ಅಳೆಯುವ ಕಡೆಗಿತ್ತು. ವಿದ್ಯಾರ್ಥಿನಿ, ಕಿಣ್ವವೋ ಜೀನೋ ಎಂಬ ಚರ್ಚೆ ಆಮೇಲಿರಲಿ, ಭಿತ್ತಿಗೆ ನಿಜವಾಗಿ ಏನಾಗಿದೆ ಎಂಬುದನ್ನು ಮೊದಲು ನೋಡೋಣ ಎಂದರು. ಹಳೆಯ ಪ್ರಯೋಗಗಳು ಅವರ ಪರವಾಗಿದ್ದವು. 1988ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಒಂದು ತಂಡ, ಅಮೆರಿಕದ ಕ್ಯಾಲ್ಜೀನ್ ಕಂಪನಿಯಲ್ಲಿ ಇನ್ನೊಂದು ತಂಡ ಜೀನಿನ ತಿರುವುಮುರುವಾದ ಪ್ರತಿಯನ್ನು ಸೇರಿಸುವ ಆಂಟಿಸೆನ್ಸ್ ತಂತ್ರದಿಂದ ಟೊಮೆಟೊದ ಪಾಲಿಗ್ಯಾಲಕ್ಟುರೊನೇಸ್ ಅನ್ನು ಅಡಗಿಸಿದವು. ಕಿಣ್ವ ಶೇ 1ರಷ್ಟಕ್ಕೆ ಇಳಿದ ಗಿಡಗಳೂ ಸಿಕ್ಕವು. ಕ್ಯಾಲ್ಜೀನ್‌ನ ಫ್ಲೇವರ್ ಸೇವರ್ ಟೊಮೆಟೊ 1994ರಲ್ಲಿ ಅಮೆರಿಕದ ಮಾರುಕಟ್ಟೆಗೂ ಬಂತು. ಅಂಥ ಹಣ್ಣಿನ ರಸ ದಪ್ಪಗಿತ್ತು, ಹಣ್ಣು ಒಡೆಯುವುದು ಕಡಿಮೆಯಾಗಿತ್ತು, ಆದರೆ ಮೆತ್ತಗಾಗುವ ವೇಗ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. 1989ರ ಇನ್ನೊಂದು ಪ್ರಯೋಗದಲ್ಲಿ, ಮಾಗದ ‘ರಿನ್’ ರೂಪಾಂತರಿ ಟೊಮೆಟೊಗೆ ಇದೇ ಜೀನನ್ನು ಬೇರೆ ಚಾಲಕದೊಂದಿಗೆ (ಜೀನನ್ನು ಚಾಲೂ ಮಾಡುವ ಭಾಗ) ಸೇರಿಸಿ ಕಿಣ್ವ ಹುಟ್ಟಿಸಿದರು. ಪೆಕ್ಟಿನ್ ಕರಗಿತು, ಹಣ್ಣು ಮೆತ್ತಗಾಗಲಿಲ್ಲ. ಅಂದರೆ ಈ ಕಿಣ್ವವೊಂದೇ ಮೆದುತನಕ್ಕೆ ಸಾಲದು, ಬಹುಮಟ್ಟಿಗೆ ಬೇಕಾಗಿಯೂ ಇಲ್ಲ.

ನಳಿಗೆಯಲ್ಲಿ ಕಾಣುವ ಚಟುವಟಿಕೆಗೂ ಹಣ್ಣಿನೊಳಗೆ ನಡೆಯುವುದಕ್ಕೂ ಅಂತರವಿರುವುದೂ ಮುಖ್ಯ. ನಳಿಗೆಯಲ್ಲಿ ಪಿಎಚ್ 4.5, ಉಪ್ಪು ಯಥೇಚ್ಛ, ಆಧಾರವಸ್ತು ಬೋಳು. ಹಣ್ಣಿನಲ್ಲಿ ಕೋಶಗಳ ಹೊರಗಿನ ದ್ರವದ ಪಿಎಚ್ ಹಸಿರು ಹಂತದ ಸುಮಾರು 6.7ರಿಂದ ಪೂರ್ತಿ ಕಳಿತಾಗ ಸುಮಾರು 4.4ಕ್ಕೆ ಇಳಿಯುತ್ತದೆ. ಕಿಣ್ವ ಅಲ್ಲಿದ್ದರೂ ಅದರ ಕೈ ಎಷ್ಟು ಓಡುತ್ತದೆ ಎಂಬುದನ್ನು ಆ ಪಿಎಚ್, ಕ್ಯಾಲ್ಸಿಯಂ, ಮೀಥೈಲ್ ಗುಂಪುಗಳ ಹಂಚಿಕೆ ತೀರ್ಮಾನಿಸುತ್ತವೆ.

ಮೀಥೈಲ್‌ಎಸ್ಟರೇಸ್ ಅನ್ನೂ ನೋಡಿದರು. ಶೇ 0.5ರ ಸಿಟ್ರಸ್ ಪೆಕ್ಟಿನ್, 0.1 ಮೋಲಾರ್ ಉಪ್ಪು, 30 ಡಿಗ್ರಿ, ಪಿಎಚ್ 7.5ರಲ್ಲೇ ನಿಲ್ಲುವಂತೆ 10 ನಿಮಿಷ 0.01 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹನಿಸುತ್ತಾ ಹೋಗುವುದು. ಕಿಣ್ವ ಮೀಥೈಲ್ ಗುಂಪು ತೆಗೆದಂತೆ ಆಮ್ಲ ಹುಟ್ಟಿ ಪಿಎಚ್ ಇಳಿಯುತ್ತದೆ, ಅದನ್ನು ಸರಿಪಡಿಸಲು ಎಷ್ಟು ಹನಿಸಬೇಕಾಯಿತು ಎಂಬುದೇ ಅಳತೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕೂಡ ಪಿಎಚ್ ಅನ್ನು ಇಳಿಸುತ್ತದೆ, ಆದ್ದರಿಂದ ಕುದಿಸಿ ತಣಿಸಿದ ನೀರನ್ನೇ ಬಳಸಿ, ಕಿಣ್ವವಿಲ್ಲದ ಮಿಶ್ರಣವನ್ನೂ ಅಷ್ಟೇ ಹೊತ್ತು ಅಳೆದು ಕಳೆಯಬೇಕು. ಈ ಕಿಣ್ವ ಹಸಿರು ಕಾಯಿಯಲ್ಲೂ ಇತ್ತು, ತಳಿಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಪೆಕ್ಟೇಟ್ ಲಯೇಸ್ ಅಳೆಯುವ ಪ್ರಯತ್ನ ಕೈಗೂಡಲಿಲ್ಲ. ಪಿಎಚ್ 8.5ರಲ್ಲಿ, ಕ್ಯಾಲ್ಸಿಯಂ ಇಟ್ಟು, 235 ನ್ಯಾನೊಮೀಟರಿನಲ್ಲಿ ಓದಬೇಕಾದ ಪರೀಕ್ಷೆ ಅದು. ಶುದ್ಧೀಕರಿಸದ ಹಣ್ಣಿನ ಸಾರದ ಪ್ರೋಟೀನು, ಫೀನಾಲುಗಳು ಅಲ್ಲಿ ಬೆಳಕು ಹೀರಿ ಸಣ್ಣ ಸಂಕೇತವನ್ನು ಮುಚ್ಚಿಹಾಕಿದವು. ಎಕ್ಸ್‌ಪ್ಯಾನ್ಸಿನ್‌ಗಂತೂ ಬಣ್ಣದ ಪರೀಕ್ಷೆಯೇ ಇಲ್ಲ. ಭಿತ್ತಿಯ ಪಟ್ಟಿಯನ್ನು ಎಳೆದು ಹಿಗ್ಗುವಿಕೆ ಅಳೆಯುವ ಉಪಕರಣ ಬೇಕು, ಅದು ಅಲ್ಲಿರಲಿಲ್ಲ.

ಭಿತ್ತಿಯನ್ನೇ ನೋಡಿದಾಗ

ಭಿತ್ತಿ ಬೇರ್ಪಡಿಸುವ ಮೊದಲ ಯತ್ನದಲ್ಲೂ ಕಿಣ್ವ ಅಡ್ಡ ಬಂತು. ತಿರುಳನ್ನು ತಣ್ಣನೆಯ ಶೇ 80 ಎಥನಾಲ್‌ನಲ್ಲಿ ರುಬ್ಬಿ, ಉಳಿದ ಪುಡಿಯನ್ನು ಒಣಗಿಸಿ, ನೀರು ಮತ್ತು ಕ್ಯಾಲ್ಸಿಯಂ ಕಿತ್ತುಕೊಳ್ಳುವ ಸಿಡಿಟಿಎ ದ್ರಾವಣದಲ್ಲಿ ಒಂದಾದ ಮೇಲೊಂದರಂತೆ ನೆನೆಸಲಾಯಿತು. ಕೆಂಪು ಹಣ್ಣಿನ ಪೆಕ್ಟಿನ್ ಬಹುಪಾಲು ನೀರಿಗೇ ಬಿಟ್ಟುಕೊಂಡಿತು. ಅಷ್ಟೊಂದು ಕರಗಿದ ಪೆಕ್ಟಿನ್ ಹಣ್ಣಿನಲ್ಲಿದ್ದರೆ ಅದು ಕೈಯಲ್ಲಿ ನಿಲ್ಲಲಾರದು. ತಣ್ಣನೆಯ ಎಥನಾಲ್‌ನಲ್ಲಿ ಪಾಲಿಗ್ಯಾಲಕ್ಟುರೊನೇಸ್ ಪೂರ್ತಿ ಸಾಯುವುದಿಲ್ಲ. ಪುಡಿಗೆ ಅಂಟಿಕೊಂಡೇ ಇದ್ದು, ನೀರು ಸಿಕ್ಕೊಡನೆ ಮತ್ತೆ ಕತ್ತರಿಸಲು ತೊಡಗುತ್ತದೆ. ಎರಡನೆಯ ಸಲ ತಿರುಳನ್ನು ನೇರವಾಗಿ ಕುದಿಯುವ ಎಥನಾಲ್‌ಗೆ ಹಾಕಿ, ಒಟ್ಟು ಸಾಂದ್ರತೆ ಶೇ 80ಕ್ಕಿಂತ ಇಳಿಯದಂತೆ ನೋಡಿಕೊಂಡು, ಆವಿಯನ್ನು ತಣಿಸಿ ಮರಳಿಸುವ ರಿಫ್ಲಕ್ಸ್ ಕೊಳವೆ ಜೋಡಿಸಿ 30 ನಿಮಿಷ ಕುದಿಸಿದರು. ಎಥನಾಲ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ, ಆದ್ದರಿಂದ ಜ್ವಾಲೆ ಇಲ್ಲದ ಹೀಟಿಂಗ್ ಮ್ಯಾಂಟಲ್ ಬಳಸಿ, ಫ್ಯೂಮ್ ಹುಡ್‌ನಲ್ಲೇ ಮಾಡಬೇಕಾದ ಕೆಲಸವಿದು. ಬಳಿಕ ಕ್ಲೋರೊಫಾರ್ಮ್-ಮೆಥನಾಲ್ ಸಮಭಾಗ, ಕೊನೆಗೆ ಅಸಿಟೋನ್ ತೊಳೆತ. ಈ ಪುಡಿಯಲ್ಲಿ ನೀರಿಗೆ ಬಿಟ್ಟುಕೊಳ್ಳುವ ಪೆಕ್ಟಿನ್ ಎದ್ದು ಕಾಣುವಷ್ಟು ಕಡಿಮೆಯಾಯಿತು. ನೀರು, 50 ಮಿಲಿಮೋಲಾರ್ ಸಿಡಿಟಿಎ, 50 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್, ಈ ಮೂರೂ ಭಾಗಗಳ ಯುರೋನಿಕ್ ಆಮ್ಲವನ್ನು (ಪೆಕ್ಟಿನ್ ಎಷ್ಟಿದೆ ಎಂದು ತಿಳಿಸುವ ಅಂಶ) ಅಳೆದಾಗ ಎರಡು ತಳಿಗಳ ಹಂಚಿಕೆ ಒಂದರಂತೆ ಇನ್ನೊಂದಿತ್ತು.

ಭಿತ್ತಿ ಸಮ, ಕಿಣ್ವ ಸಮ, ಹಣ್ಣು ಮಾತ್ರ ಬೇರೆ. ಹಾಗಾದರೆ ‘ಗಟ್ಟಿ’ ಎಂದು ಅಳೆಯುತ್ತಿರುವುದು ಏನನ್ನು ಎಂಬ ಪ್ರಶ್ನೆ ಆಗ ಎದ್ದಿತು. ಅಲ್ಲಿಯವರೆಗೆ ಇಡೀ ಹಣ್ಣನ್ನು ಎರಡು ತಟ್ಟೆಗಳ ನಡುವೆ ಒತ್ತಿ ಅಳೆಯುತ್ತಿದ್ದರು. ಈಗ ಸಿಪ್ಪೆ ಸುಲಿದ ತಿರುಳಿನ ಬಿಲ್ಲೆಗೆ ಸೂಜಿಯಂಥ ಮೊನೆ ಚುಚ್ಚಿಯೂ ಅಳೆದರು. ಒತ್ತಿದಾಗ ಎದ್ದು ಕಾಣುತ್ತಿದ್ದ ‘ಬ’ದ ಮೇಲುಗೈ ಚುಚ್ಚಿದಾಗ ಹೆಚ್ಚುಕಡಿಮೆ ಮಾಯವಾಯಿತು. ಇಡೀ ಹಣ್ಣನ್ನು ಒತ್ತಿದಾಗ ಎದುರು ನಿಲ್ಲುವುದು ಭಿತ್ತಿಯ ಜತೆ ಕೋಶದೊಳಗಿನ ನೀರಿನ ಒತ್ತಡ ಮತ್ತು ಸಿಪ್ಪೆಯ ಬಿಗಿ ಕೂಡ.

ಹಣ್ಣುಗಳನ್ನು ದಿನವೂ ತೂಗತೊಡಗಿದರು. ‘ಅ’ ಬೇಗ ತೂಕ ಕಳೆದುಕೊಳ್ಳುತ್ತಿತ್ತು. ಟೊಮೆಟೊದ ನೀರು ಸಿಪ್ಪೆಯಿಂದಲೂ ಹೋಗುತ್ತದೆ, ತೊಟ್ಟು ಕಿತ್ತ ಗಾಯದಿಂದಲೂ ಹೋಗುತ್ತದೆ. ಒಂದು ಗುಂಪಿನ ‘ಅ’ ಹಣ್ಣುಗಳ ತೊಟ್ಟಿನ ಗಾಯಕ್ಕೆ ಕರಗಿಸಿದ ಪ್ಯಾರಾಫಿನ್ ಮೇಣ ಹಚ್ಚಿ, ಇನ್ನೊಂದು ಗುಂಪನ್ನು ಒದ್ದೆ ಬಟ್ಟೆ ಹಾಸಿದ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಮೂರನೆಯದನ್ನು ತೆರೆದ ಕ್ರೇಟಿನಲ್ಲಿ ಬಿಟ್ಟರು. ತೇವದ ಪೆಟ್ಟಿಗೆಯಲ್ಲಿ ಎರಡು ತಳಿಗಳ ಅಂತರ ಬಹಳ ಕಿರಿದಾಯಿತು. ಮೇಣ ಹಚ್ಚಿದವು ಸೊರಗುವುದು ನಿಧಾನವಾಯಿತು, ಆದರೆ ‘ಬ’ದ ಮಟ್ಟಕ್ಕೆ ಬರಲಿಲ್ಲ. ಆದ್ದರಿಂದ ಉಳಿದ ವ್ಯತ್ಯಾಸ ಸಿಪ್ಪೆಯ ಮೇಲಿನ ಮೇಣದ ಪದರವಾದ ಕ್ಯೂಟಿಕಲ್‌ನಲ್ಲಿ ಇರಬೇಕೆಂಬ ನಿಲುವಿಗೆ ಬಂದರು. ಕಾರ್ನೆಲ್ ವಿಶ್ವವಿದ್ಯಾಲಯದ ತಂಡವೊಂದು 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿಯೂ, ಭಿತ್ತಿಯ ಕಿಣ್ವಗಳು ಮಾಮೂಲಿನಂತೆ ಏರಿದರೂ ನೀರು ಕಳೆದುಕೊಳ್ಳದೆ ತಿಂಗಳುಗಟ್ಟಲೆ ಬಿಗಿಯಾಗಿರುವ ಟೊಮೆಟೊ ಕಂಡುಬಂದಿತ್ತು.

ಹಾಗೆಂದು ಭಿತ್ತಿಯ ಕಿಣ್ವಗಳನ್ನು ಬದಿಗಿಡುವಂತಿಲ್ಲ. 2010ರಲ್ಲಿ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯವರು ಪ್ರೋಟೀನುಗಳ ಸಕ್ಕರೆ ಸರಪಳಿಯನ್ನು ಕತ್ತರಿಸುವ ಎರಡು ಕಿಣ್ವಗಳನ್ನು ಬೇರೆ ಬೇರೆಯಾಗಿ ಅಡಗಿಸಿ ಸುಮಾರು ಎರಡರಿಂದ ಎರಡೂವರೆ ಪಟ್ಟು ಗಟ್ಟಿಯಾದ ಟೊಮೆಟೊ ಪಡೆದರು. 2016ರಲ್ಲಿ ನಾಟಿಂಗ್‌ಹ್ಯಾಮ್ ತಂಡ ಪೆಕ್ಟೇಟ್ ಲಯೇಸ್ ಅಡಗಿಸಿದಾಗ ಬಣ್ಣ, ರುಚಿ ಕೆಡದೆ ಹಣ್ಣು ಗಟ್ಟಿಯಾಗಿ ಉಳಿಯಿತು. ಈ ಪ್ರಕರಣದಲ್ಲಿ ಅಳೆಯಲಾಗದೆ ಬಿಟ್ಟದ್ದು ಆ ಕಿಣ್ವವನ್ನೇ. ಪ್ರಬಂಧದಲ್ಲಿ ಅದನ್ನು ಅಳೆದಿಲ್ಲವೆಂದು ಸ್ಪಷ್ಟವಾಗಿ ಬರೆದರು, ‘ಇಲ್ಲ’ ಎಂದು ಬರೆಯಲಿಲ್ಲ. ಎರಡು ತಳಿಗಳ ತಿರುಳಿನ ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿ ಕಾಪಿಡಲಾಗಿದೆ. ಒಮ್ಮೆ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ಮಾದರಿ ಇಂಥ ಪರೀಕ್ಷೆಗೆ ಬರದು, ಹಾಗಾಗಿ 2 ಗ್ರಾಂನ ಸಣ್ಣ ಪೊಟ್ಟಣಗಳಾಗಿಯೇ ಇಟ್ಟಿದ್ದಾರೆ.

ಬೆಳೆಗಾರರಿಗೆ ಕೊಟ್ಟ ಉತ್ತರ ಚಿಕ್ಕದು. ‘ಅ’ ತಳಿ ಬಿಡಬೇಕಿಲ್ಲ. ಬೆಳಗಿನ ತಂಪಿನಲ್ಲಿ ಕಿತ್ತು, ಬಿಸಿಲಿಗೆ ಒಡ್ಡದೆ ಕೂಡಲೇ ನೆರಳಿಗೆ ತರಬೇಕು. ಕ್ರೇಟುಗಳನ್ನು ಗಾಳಿ ಬಡಿಯುವ ತೆರೆದ ಲಾರಿಯಲ್ಲಿ ಹಾಗೇ ಒಯ್ಯದೆ ತೇವದ ಗೋಣಿಯಿಂದ ಮುಚ್ಚಬೇಕು, ಗೋಣಿಯಿಂದ ಹಣ್ಣಿನ ಮೇಲೆ ನೀರು ತೊಟ್ಟಿಕ್ಕಿದರೆ ಕೊಳೆ ಹತ್ತುತ್ತದೆ. ಶೈತ್ಯಾಗಾರ ಸಿಕ್ಕರೆ 12ರಿಂದ 13 ಡಿಗ್ರಿ, ತೇವಾಂಶ ಶೇ 90ರ ಮೇಲೆ. ಬಣ್ಣ ತಿರುಗುವ ಹಂತದ ಹಣ್ಣನ್ನು 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಚಳಿಗೆ ಪೆಟ್ಟು ತಿಂದು, ಹೊರಗೆ ತಂದ ಮೇಲೆ ಅಲ್ಲಲ್ಲಿ ನೀರುನೀರಾಗಿ, ಬಣ್ಣ ಸರಿಯಾಗಿ ಕೂಡದೆ ಕೆಡುತ್ತದೆ.